ಚನ್ನಪಟ್ಟಣಕ್ಕೆ ಬಂದ ರೈಲು, ಮೈಸೂರಿಗೆ ಬಂದ ಸಾಲ

ಇಯರ್‌ಫೋನ್ ಹಾಕ್ಕೊಂಡು ಮೈಸೂರು ರೈಲಿನಲ್ಲಿ ಕೂತಿದ್ದೀರಾ? ಹಾಗಿದ್ರೆ ಇವತ್ತಿನ ಕಥೆ ನಿಮ್ಮ ಕಾಲ ಕೆಳಗಿನ ಹಳಿಯದ್ದೇ.

ಬೆಂಗಳೂರಿಂದ ಚನ್ನಪಟ್ಟಣಕ್ಕೆ ರೈಲು ಬಂದಿದ್ದು 1881ರಲ್ಲಿ. ಅದೇ ವರ್ಷ ಮಾರ್ಚ್ 25ರಂದು ಬ್ರಿಟಿಷರು ಮೈಸೂರಿನ ಆಡಳಿತವನ್ನು ಹತ್ತನೇ ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರು. ಜೊತೆಗೆ ಇನ್ನೊಂದನ್ನೂ ಕೊಟ್ಟರು: 80 ಲಕ್ಷ ರೂಪಾಯಿ ಸಾಲ.

ಆ ಸಾಲ ಮಾಡಿದ್ದು ಯಾರು? ಮಹಾರಾಜರಲ್ಲ. ಅವರಿಗಾಗ ಬರೀ 18 ವರ್ಷ.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಒಡೆಯರಿಗೆ ರಾಜ್ಯ ಸಿಕ್ಕಿತು. ಆದರೆ ಒಪ್ಪಂದದ ಪ್ರಕಾರ ವರ್ಷಕ್ಕೆ ಸುಮಾರು 24.5 ಲಕ್ಷ ರೂಪಾಯಿ ಕಪ್ಪ ಕಟ್ಟಬೇಕಿತ್ತು. ಆಗ ಇಲ್ಲಿಗೆ ಬಂದ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್. ನಮ್ಮ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಅದು ಇವರದ್ದೇ.

ಒಪ್ಪಂದದಲ್ಲೊಂದು ಕೊಕ್ಕೆ ಇತ್ತು. ಹಣ ತಪ್ಪಬಹುದು ಅನ್ನೋ ಅನುಮಾನ ಬಂದರೂ ಸಾಕು, ಕಂಪನಿ ಆಡಳಿತವನ್ನೇ ಕಿತ್ಕೋಬಹುದು. ನಗರದ ರೈತ ದಂಗೆಯ ಬೆನ್ನಲ್ಲೇ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದನ್ನೇ ಮಾಡಿದರು. ಮುಮ್ಮಡಿ ಕೃಷ್ಣರಾಜರಿಗೆ ಲೆಕ್ಕ ನೋಡ್ಕೊಳ್ಳೋಕೆ ಬರಲ್ಲ ಅನ್ನೋದು ಆರೋಪ. ಮುಂದಿನ 50 ವರ್ಷ ಕಮಿಷನರುಗಳದ್ದೇ ಆಡಳಿತ.

ಆಮೇಲೆ ಬಂತು ಧಾತು ಈಶ್ವರ ಸಂವತ್ಸರಗಳ ಬರ, 1876ರಿಂದ 78. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಕೂಲಿ ಕೊಡೋಕೆ ಶುರು ಮಾಡಿದ ಕೆಲಸಗಳಲ್ಲಿ ಮೈಸೂರು ರೈಲು ದಾರಿಯ ಮಣ್ಣು ಕೆಲಸವೂ ಒಂದು. ಖಜಾನೆಯಲ್ಲಿ ಕೂಡಿಟ್ಟಿದ್ದ 63 ಲಕ್ಷ ಖಾಲಿಯಾಯ್ತು. ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ಬಾಕಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ. ನಿಜ. ಆದರೆ ಬರಗಾಲದಲ್ಲಿ ಹಾಸಿಗೆಯೇ ಇರಲ್ಲ. ಜನರನ್ನ ಉಳಿಸೋಕೆ ಸಾಲ ಮಾಡೋದು ತಪ್ಪಲ್ಲ. ತಪ್ಪು ಬೇರೆ ಕಡೆ ಇದೆ. ರಾಜ ಸರಿಯಾಗಿ ಲೆಕ್ಕ ಇಡಲಿಲ್ಲ ಅಂದರೆ ರಾಜ್ಯ ಹೋಗುತ್ತೆ. ಅದೇ ಕಮಿಷನರುಗಳ ಕಾಲದ ಸಾಲವನ್ನ ಮುಂದೆ ಬಂದವರು ತೀರಿಸಬೇಕು. ಪ್ರಶ್ನೆ ಕೇಳೋ ಅಧಿಕಾರ ಮಾತ್ರ ಜನರಿಗೆ ಎರಡು ಕಾಲದಲ್ಲೂ ಇರಲಿಲ್ಲ.

ದಿವಾನ್ ರಂಗಾಚಾರ್ಲು ಎರಡು ಕೆಲಸ ಮಾಡಿದರು. ಒಂದು, ಖರ್ಚಿಗೆ ಕತ್ತರಿ. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿ ಪಕ್ಕದ ಜಿಲ್ಲೆಗಳಿಗೆ ಸೇರಿಸಿದರು. ಇನ್ನೊಂದು, 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಕರೆದರು. ರಾಜ್ಯದ ಎಲ್ಲ ಕಡೆಯಿಂದ ಬಂದ 144 ರೈತರು, ವ್ಯಾಪಾರಿಗಳ ಮುಂದೆ ಸರ್ಕಾರದ ಹಣಕಾಸಿನ ಸ್ಥಿತಿ ಬಿಚ್ಚಿಟ್ಟರು. ಕೂತವರಿಗೆ ಮತ ಹಾಕೋ ಹಕ್ಕಿರಲಿಲ್ಲ, ಕೇಳಿಸ್ಕೊಂಡು ಅಹವಾಲು ಹೇಳಬಹುದಿತ್ತು ಅಷ್ಟೇ. ಬಜೆಟ್ ಬೇಡಿಕೆಗಳ ಮೇಲೆ ಮತ ಹಾಕೋ ಅವಕಾಶ ಮೈಸೂರಿನ ಶಾಸನ ಸಭೆಗೆ ಸಿಕ್ಕಿದ್ದು 1923ರ ಸುಧಾರಣೆಯಲ್ಲಿ.

ಈಗ ಆ ಹಕ್ಕು ನಮ್ಮ ಶಾಸಕರಿಗೆ ಪೂರ್ತಿ ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ ಕ್ಷೇತ್ರಗಳಿಂದ ಗೆದ್ದವರಲ್ಲಿ ಮುಖ್ಯಮಂತ್ರಿ ಆದವರೇ ಎಷ್ಟು ಜನ: ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನ ದೇಶದಲ್ಲೇ ಮೊದಲು ತಂದ ರಾಜ್ಯವೂ ನಮ್ಮದೇ, 2002ರಲ್ಲಿ. ಸಾಲ ಬಿಟ್ಟು ಬರೋ ಆದಾಯಕ್ಕಿಂತ ಖರ್ಚು ಎಷ್ಟು ಜಾಸ್ತಿಯೋ ಅದು ವಿತ್ತೀಯ ಕೊರತೆ. ಅದು ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರಬೇಕು ಅನ್ನೋದು ಕಾಯ್ದೆಯ ಗುರಿ.

ಕಾಯ್ದೆ ಮಿತಿ ಹಾಕುತ್ತೆ, ಪ್ರಶ್ನೆ ಕೇಳಲ್ಲ. ಕೇಳಬೇಕಾದವರು ನಾವು. ಮುಂದಿನ ಬಜೆಟ್ ದಿನ ಸಾಲ ಎಷ್ಟು ಅಂತ ನೋಡಿ ಸುಮ್ಮನಾಗಬೇಡಿ. ಯಾತಕ್ಕೆ ತಗೊಂಡ್ರಿ, ಯಾರು ತೀರಿಸ್ತಾರೆ ಅಂತ ನಿಮ್ಮ ಶಾಸಕರನ್ನ ಕೇಳಿ. ಬರದ ಸಾಲ ಹೋಗಿ ಎಷ್ಟೋ ಕಾಲವಾಯ್ತು, ಬರದಲ್ಲಿ ಹಾಕಿದ ದಾರಿಯಲ್ಲಿ ಇವತ್ತೂ ರೈಲು ಓಡ್ತಿದೆ. ಇವತ್ತಿನ ಸಾಲದಿಂದ ಮುಂದಿನವರಿಗೆ ಏನು ಉಳಿಯುತ್ತೆ?

ಮತ್ತೆ ಸಿಗೋಣ.