ತಂತಿ ಆಂಟೆನಾ: ಹವ್ಯಾಸಿ ರೇಡಿಯೊದಲ್ಲಿ

ಹವ್ಯಾಸಿ ರೇಡಿಯೊ ಕೇಂದ್ರದ ಪ್ರೇಷಕದಿಂದ ಬರುವ ವಿದ್ಯುತ್ತನ್ನು ರೇಡಿಯೊ ಅಲೆಗಳಾಗಿ ಹೊರಸೂಸಲು ಮತ್ತು ದೂರದಿಂದ ಬರುವ ಅಲೆಗಳನ್ನು ಹಿಡಿದು ಗ್ರಾಹಕಕ್ಕೆ ಒಪ್ಪಿಸಲು ಎತ್ತರದಲ್ಲಿ ಎಳೆದು ಕಟ್ಟುವ ಲೋಹದ ತಂತಿ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಎಚ್‌ಎಫ್ ವಲಯದಲ್ಲಿ ಮಾತನಾಡುವ ರೇಡಿಯೊ ಹವ್ಯಾಸಿಗಳಾದ ಹ್ಯಾಮ್‌ಗಳು ಸಾಮಾನ್ಯವಾಗಿ ಇದರಿಂದಲೇ ಶುರುಮಾಡುತ್ತಾರೆ. ಕೊನೆಯವರೆಗೂ ಇದರಲ್ಲೇ ಉಳಿಯುವವರೂ ಅನೇಕರು. ಇದಕ್ಕೆ ಬೇಕಾಗುವುದು ಇಪ್ಪತ್ತು ಮೀಟರ್ ತಾಮ್ರದ ತಂತಿ, ಎರಡು ಮೂರು ಇನ್ಸುಲೇಟರ್, ಹಗ್ಗ, ಕೋಆಕ್ಸಿಯಲ್ ಕೇಬಲ್ ಮತ್ತು ಎತ್ತರದ ಒಂದೆರಡು ಆಸರೆ. ತಂತಿಯ ಉದ್ದವನ್ನು ಲೆಕ್ಕ ಹಾಕುವುದು ಸುಲಭ, ತಪ್ಪಾದರೆ ಕತ್ತರಿಸಿ ಸರಿಪಡಿಸಬಹುದು. ಆಂಟೆನಾದ ಯೋಗ್ಯತೆಯನ್ನು ನಿಜವಾಗಿ ನಿರ್ಧರಿಸುವುದು ನೆಲದಿಂದ ಅದಕ್ಕಿರುವ ಎತ್ತರ. ಹೊಸಬರು ಹೆಚ್ಚಾಗಿ ಉದ್ದದ ಬಗ್ಗೆ ತಲೆಕೆಡಿಸಿಕೊಂಡು ಎತ್ತರವನ್ನು ಮರೆಯುತ್ತಾರೆ.

ಹಿನ್ನೆಲೆ

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಶ್ ಹರ್ಟ್ಸ್ 1887–88ರಲ್ಲಿ ವಿದ್ಯುತ್ಕಾಂತೀಯ ಅಲೆಗಳಿರುವುದನ್ನು ಪ್ರಯೋಗದಿಂದ ತೋರಿಸಿದಾಗ ಬಳಸಿದ್ದು ನಡುವೆ ಕಿಡಿ ಹಾರುವ ಸಂದಿಯಿದ್ದ, ಎರಡು ತೋಳಿನ ತಂತಿಯನ್ನು. ಇಂದಿನ ಡೈಪೋಲ್ ಅದರದೇ ಸಂತತಿ. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಮಾರ್ಕೋನಿ ಹೇಳಿದಾಗಲೂ ಅವನ ಬಳಿ ಇದ್ದದ್ದು ಗಾಳಿಪಟ ಎತ್ತಿ ಹಿಡಿದಿದ್ದ ಸುಮಾರು 150 ಮೀಟರ್ ಉದ್ದದ ತಂತಿ.

ಅಮೆರಿಕ 1912ರ ಕಾನೂನಿನಲ್ಲಿ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಡಿಮೆ ತರಂಗಾಂತರಗಳಿಗೆ ಸೀಮಿತಗೊಳಿಸಿತು. ಆ ಅಲೆಗಳು ದೂರದ ಸಂಪರ್ಕಕ್ಕೆ ಬಾರವು ಎಂಬುದು ಅಂದಿನ ನಂಬಿಕೆ. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಬಳಿ ನೆಲಕ್ಕೆ ಹತ್ತಿರವಾಗಿ ಉದ್ದಕ್ಕೆ ಎಳೆದ ಬೆವರೇಜ್ ಆಂಟೆನಾದಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತಗಳನ್ನು ಹಿಡಿದ. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲೆಯಾನ್ ದಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು 110 ಮೀಟರ್ ತರಂಗಾಂತರದಲ್ಲಿ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. ಬೇಡವೆಂದು ಬಿಟ್ಟುಕೊಟ್ಟಿದ್ದ ಕಿರುತರಂಗಗಳು ಸಾಗರ ದಾಟುತ್ತವೆಂದು ಲೋಕಕ್ಕೆ ಮನದಟ್ಟು ಮಾಡಿದ್ದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು.

ಅರ್ಧ ತರಂಗಾಂತರದ ಡೈಪೋಲ್

ಹೆಚ್ಚಿನ ತಂತಿ ಆಂಟೆನಾಗಳಿಗೆ ಇದೇ ಮೂಲ. ಬಳಸುವ ಆವೃತ್ತಿಯ ತರಂಗಾಂತರದ ಅರ್ಧದಷ್ಟು ಉದ್ದದ ತಂತಿಯನ್ನು ನಡುವೆ ಕತ್ತರಿಸಿ, ಕತ್ತರಿಸಿದ ಎರಡು ತುದಿಗಳಿಗೆ ಕೇಬಲ್ಲಿನ ಒಳತಂತಿಯನ್ನೂ ಹೊರಜಾಲರಿಯನ್ನೂ ಜೋಡಿಸಿದರೆ ಡೈಪೋಲ್ ಸಿದ್ಧ. ಮೀಟಿದ ತಂಬೂರಿಯ ತಂತಿ ನಡುವಿನಲ್ಲಿ ಹೆಚ್ಚು ಓಲಾಡಿ ತುದಿಗಳಲ್ಲಿ ನಿಶ್ಚಲವಾಗಿರುವ ಹಾಗೆ ಇಲ್ಲಿ ವಿದ್ಯುತ್ ಪ್ರವಾಹ ನಡುವಿನಲ್ಲಿ ಅತಿ ಹೆಚ್ಚು, ತುದಿಗಳಲ್ಲಿ ಶೂನ್ಯ. ವೋಲ್ಟೇಜ್ ಮಾತ್ರ ಇದಕ್ಕೆ ತದ್ವಿರುದ್ಧ: ತುದಿಗಳಲ್ಲೇ ಗರಿಷ್ಠ. ಆದ್ದರಿಂದ ಪ್ರಸಾರ ನಡೆಯುವಾಗ ತುದಿಗಳು ಕೈಗೆ ಸಿಗಬಾರದು, ಎಲೆಗಳಿಗೆ ತಗಲಬಾರದು.

ಮುಕ್ತ ಆಕಾಶದಲ್ಲಿ ಡೈಪೋಲಿನ ನಡುವಿನ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸುಮಾರು 73 ಓಮ್. ನೆಲದ ಸಾಮೀಪ್ಯದಿಂದ ಇದು ಏರಿಳಿಯುತ್ತದೆ. 50 ಓಮಿನ ಕೇಬಲ್ಲಿಗೆ ನೇರವಾಗಿ ಜೋಡಿಸಿದರೂ ಸಾಕಷ್ಟು ಹೊಂದುತ್ತದೆ ಎಂಬುದೇ ಇದರ ಜನಪ್ರಿಯತೆಯ ಗುಟ್ಟು.

ಉದ್ದದ ಸೂತ್ರ: 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಶುದ್ಧ ಗಣಿತದ ಪ್ರಕಾರ 150 ಇರಬೇಕಿತ್ತು. ತಂತಿಯ ತುದಿಗಳ ಪ್ರಭಾವದಿಂದ ಉದ್ದ ಸುಮಾರು ನೂರಕ್ಕೆ ಐದರಷ್ಟು ಕಡಿಮೆ ಸಾಕಾಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20.1 ಮೀಟರ್, ಅಂದರೆ ಒಂದೊಂದು ತೋಳು ಹತ್ತು ಮೀಟರಿಗೆ ತುಸು ಹೆಚ್ಚು. 14.2 ಮೆಗಾಹರ್ಟ್ಸ್‌ಗೆ ಇದರ ಅರ್ಧ. ಮನೆಯ ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಉದ್ದ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ.

ಸೂತ್ರ ಕೊಡುವುದು ಆರಂಭದ ಅಂದಾಜನ್ನು ಮಾತ್ರ. ಅನುಭವಿಗಳು ತಂತಿಯನ್ನು ಬೇಕೆಂದೇ ಉದ್ದವಾಗಿ ಕತ್ತರಿಸಿ, ಮೇಲೇರಿಸಿ, ಯಾವ ಆವೃತ್ತಿಯಲ್ಲಿ ಅನುರಣನಗೊಳ್ಳುತ್ತದೆಂದು ಅಳೆಯುತ್ತಾರೆ. ಒಟ್ಟು 20.8 ಮೀಟರ್ ತಂತಿ 6.85 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಿತು ಎನ್ನೋಣ. ಬೇಕಾದದ್ದು 7.1. ಈಗಿನ ಉದ್ದವನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 20.07 ಮೀಟರ್. ಅಂದರೆ ಪ್ರತಿ ತೋಳಿನಿಂದ ಸುಮಾರು 37 ಸೆಂಟಿಮೀಟರ್ ಕಡಿಮೆ ಮಾಡಬೇಕು. ಮೊದಲ ಸಲಕ್ಕೆ ಕತ್ತರಿಸದೆ ತುದಿಯನ್ನು ಹಿಂದಕ್ಕೆ ಮಡಚಿ, ಅದೇ ತಂತಿಗೆ ಬಿಗಿಯಾಗಿ ಸುತ್ತಿ ನೋಡುವುದು ಜಾಣತನ. ಅಳತೆಗೆ ಹಿಂದೆ ದುಬಾರಿ ಉಪಕರಣ ಬೇಕಿತ್ತು. ಈಗ ಅಂಗೈಯಗಲದ ಅಳತೆಸಾಧನ ನ್ಯಾನೊವಿಎನ್‌ಎ ಸಾಕು.

7 ಮೆಗಾಹರ್ಟ್ಸ್‌ನ ಡೈಪೋಲ್ ಅದರ ಮೂರು ಪಟ್ಟು ಆವೃತ್ತಿಯಾದ 21 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತದೆ. ಆದರೆ 14 ಮೆಗಾಹರ್ಟ್ಸ್‌ನಲ್ಲಿ ಅದರ ನಡುವಿನ ಇಂಪೀಡೆನ್ಸ್ ಬಹಳ ಏರುವುದರಿಂದ 50 ಓಮಿನ ಕೇಬಲ್ ಅದಕ್ಕೆ ಒಗ್ಗದು.

ಎತ್ತರ

ತಂತಿಯಿಂದ ಕೆಳಮುಖವಾಗಿ ಹೊರಟ ಅಲೆ ನೆಲಕ್ಕೆ ಬಡಿದು ಮೇಲಕ್ಕೆ ಪುಟಿಯುತ್ತದೆ. ನೇರವಾಗಿ ಹೊರಟ ಅಲೆಯೊಡನೆ ಸೇರಿ ಕೆಲವು ಕೋನಗಳಲ್ಲಿ ಬಲಗೊಳ್ಳುತ್ತದೆ, ಕೆಲವು ಕೋನಗಳಲ್ಲಿ ಅಳಿಸಿಹೋಗುತ್ತದೆ. ಆಂಟೆನಾದ ಎತ್ತರ ತರಂಗಾಂತರದ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಶಕ್ತಿಯ ಹೆಚ್ಚಿನ ಪಾಲು ನೆತ್ತಿಯ ಕಡೆಗೆ ಹೋಗುತ್ತದೆ. ಅರ್ಧ ತರಂಗಾಂತರದಷ್ಟಿದ್ದರೆ ದಿಗಂತದಿಂದ ಸುಮಾರು 30 ಡಿಗ್ರಿ ಕೋನದಲ್ಲಿ, ಪೂರ್ಣ ತರಂಗಾಂತರದಷ್ಟಿದ್ದರೆ 14 ಡಿಗ್ರಿಯಲ್ಲಿ ಅದು ಗರಿಷ್ಠ. ದೂರದ ದೇಶಗಳಿಗೆ ಬೇಕಾದದ್ದು ಈ ತಗ್ಗು ಕೋನಗಳು.

ಮೂರು ಅಂತಸ್ತಿನ ಮನೆಯ ತಾರಸಿಯೋ ಒಂದು ತೆಂಗಿನಮರವೋ ಕೊಡುವ ಎತ್ತರ ಹತ್ತು ಮೀಟರ್ ಎಂದಿಟ್ಟುಕೊಂಡರೆ, ಅದು 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿಗೆ ಕಾಲು ತರಂಗಾಂತರ, 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡಿಗೆ ಅರ್ಧ. ಹಾಗಾಗಿ ಒಂದೇ ಕಂಬದ ಮೇಲಿನ ಎರಡು ಡೈಪೋಲ್‌ಗಳು ಎರಡು ಬೇರೆ ಕೆಲಸ ಮಾಡುತ್ತವೆ. 20 ಮೀಟರಿನದು ಯೂರೋಪನ್ನೋ ಜಪಾನನ್ನೋ ತಲುಪಿಸುತ್ತದೆ. ಆದರೆ ಬೆಂಗಳೂರಿನಿಂದ ಅದರಲ್ಲಿ ಮಾತನಾಡುವವನು ಹಾಸನಕ್ಕೆ ಕೇಳಿಸದೆ ಹೋಗಬಹುದು, ಏಕೆಂದರೆ ಹತ್ತಿರದ ಊರುಗಳು ಅಲೆ ಹಾರಿಹೋಗುವ ಮೌನವಲಯದಲ್ಲಿ ಬೀಳುತ್ತವೆ. 40 ಮೀಟರಿನದು ನೆತ್ತಿಯ ಮೇಲಕ್ಕೆ ಸೂಸಿದ ಅಲೆ ಸುಮಾರು 300 ಕಿಲೊಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಛತ್ರಿಯಾಕಾರದಲ್ಲಿ ಕೆಳಗಿಳಿಯುತ್ತದೆ.

ಕರ್ನಾಟಕದ ಭೂರಚನೆಗೆ ಹೀಗೆ ಇಳಿಯುವ ಅಲೆ ತುಂಬ ಉಪಯುಕ್ತ. ಬಯಲುಸೀಮೆಯಿಂದ ಕರಾವಳಿಗೆ ನೇರವಾಗಿ ಹೊರಟ, ಎಚ್‌ಎಫ್‌ಗಿಂತ ಮೇಲಿನ ಆವೃತ್ತಿಯ ವಿಎಚ್‌ಎಫ್ ಅಲೆಗೆ ಪಶ್ಚಿಮಘಟ್ಟ ಗೋಡೆಯಾಗಿ ನಿಲ್ಲುತ್ತದೆ. ಮೇಲಿನಿಂದ ಇಳಿದುಬರುವ 7 ಮೆಗಾಹರ್ಟ್ಸ್ ಅಲೆಗೆ ಆಗುಂಬೆಯೂ ಕೊಡಚಾದ್ರಿಯೂ ಅಡ್ಡಬರುವುದಿಲ್ಲ. ಬೆಂಗಳೂರು–ಮಂಗಳೂರಿನ ನಡುವೆ ಹಗಲಿನಲ್ಲಿ ಕೆಲವೇ ವಾಟ್‌ಗಳಲ್ಲಿ ಸಂಭಾಷಣೆ ನಡೆಯುವುದು ಹೀಗೆ. ಭಾರತದ ದಕ್ಷಿಣ ಭಾಗ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದೂ ಇದಕ್ಕೆ ನೆರವಾಗಿದೆ. ಇಲ್ಲಿನ ಅಯಾನುಗೋಳ ಹಗಲಿನಲ್ಲಿ ಸಾಂದ್ರವಾಗಿದ್ದು, ನೆಟ್ಟಗೆ ಮೇಲೇರಿದ 7 ಮೆಗಾಹರ್ಟ್ಸ್ ಅಲೆಯನ್ನೂ ಸಾಮಾನ್ಯವಾಗಿ ಹಿಂದಿರುಗಿಸುತ್ತದೆ. ಉತ್ತರದ ಶೀತದೇಶಗಳಲ್ಲಿ ಇದೇ ಕೆಲಸಕ್ಕೆ ಅನೇಕ ಸಲ 5 ಅಥವಾ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕಾಗುತ್ತದೆ. ರಾತ್ರಿ ಅಯಾನುಗಳು ವಿರಳವಾದಾಗ, ಅದರಲ್ಲೂ ಸೌರಕಲೆಗಳು ಕಡಿಮೆಯಿರುವ ವರ್ಷಗಳಲ್ಲಿ, ಇಲ್ಲೂ ಹತ್ತಿರದ ಊರುಗಳು ಮಾಯವಾಗಿ ದೂರದ ದನಿಗಳು ತೇಲಿಬರುತ್ತವೆ. ದೇಶದೊಳಗಿನ ಮಾತುಕತೆಗೆ 40 ಮೀಟರ್ ಬ್ಯಾಂಡೇ ಭಾರತೀಯ ಹ್ಯಾಮ್‌ಗಳ ಮನೆಯಂಗಳವಾಗಲು ಹಗಲಿನ ಈ ಅನುಕೂಲವೇ ಮುಖ್ಯ ಕಾರಣ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಸರಣಿಯ ಕಡಿಮೆ ಬೆಲೆಯ ಸೆಟ್‌ಗಳು ಹತ್ತು ವಾಟ್ ಒಳಗಿನ ಶಕ್ತಿಯಲ್ಲೇ ಜನಪ್ರಿಯವಾದದ್ದರ ಹಿಂದೆಯೂ ಇಂಥ ಸರಳ ತಂತಿಗಳ ಬಲವಿದೆ.

ಇತರ ರೂಪಗಳು

ಎರಡು ಆಸರೆ ಸಿಗದಿದ್ದಾಗ ನಡುಭಾಗವನ್ನು ಒಂದೇ ಕಂಬಕ್ಕೆ ಎತ್ತಿ, ತೋಳುಗಳನ್ನು ಇಳಿಜಾರಾಗಿ ಕಟ್ಟಿದರೆ ಅದು ಇನ್ವರ್ಟೆಡ್ ವಿ. ತೋಳುಗಳ ನಡುವೆ 90ರಿಂದ 120 ಡಿಗ್ರಿ ಕೋನವಿರಬೇಕು. ಇಂಪೀಡೆನ್ಸ್ 50 ಓಮಿನತ್ತ ಇಳಿಯುವುದರಿಂದ ಕೇಬಲ್ಲಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಕೇಬಲ್ಲಿನ ಭಾರವನ್ನೂ ಕಂಬವೇ ಹೊರುತ್ತದೆ. ನಗರದ ತಾರಸಿಗಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಆಂಟೆನಾ ಇಲ್ಲವೆಂದೇ ಹೇಳಬಹುದು.

ಅಪಾರ್ಟ್‌ಮೆಂಟ್ ವಾಸಿಗಳು ಮತ್ತು ಬೆಟ್ಟಗುಡ್ಡಗಳಿಗೆ ಸೆಟ್ ಹೊತ್ತೊಯ್ಯುವವರು ಒಂದು ತುದಿಯಿಂದಲೇ ಶಕ್ತಿ ತುಂಬುವ ಎಂಡ್‌ಫೆಡ್ ತಂತಿಯನ್ನು ಮೆಚ್ಚುತ್ತಾರೆ. ಬಾಲ್ಕನಿಯಿಂದ ಎದುರಿನ ಮರಕ್ಕೆ ಒಂದೇ ತಂತಿ. ಅರ್ಧ ತರಂಗಾಂತರದ ತಂತಿಯ ತುದಿಯಲ್ಲಿ ಇಂಪೀಡೆನ್ಸ್ ಎರಡು ಮೂರು ಸಾವಿರ ಓಮ್ ಇರುವುದರಿಂದ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಉಂಗುರಕ್ಕೆ ಪ್ರೇಷಕದ ಕಡೆ ಎರಡು ಸುತ್ತು, ತಂತಿಯ ಕಡೆ ಹದಿನಾಲ್ಕು ಸುತ್ತು ಹಾಕಿದರೆ ಸುತ್ತುಗಳ ಅನುಪಾತ ಏಳು, ಇಂಪೀಡೆನ್ಸ್ ಅನುಪಾತ ಅದರ ವರ್ಗ. 100 ವಾಟ್ ಹರಿಸಿದಾಗ ಆ ತುದಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. 20 ಮೀಟರ್ ಉದ್ದದ ಇಂಥ ತಂತಿ 7, 14, 21 ಮತ್ತು 28 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ ಓಡುತ್ತದೆ ಎಂಬುದು ದೊಡ್ಡ ಅನುಕೂಲ. ಸುರುಳಿ ಸುತ್ತಿ ಸಣ್ಣ ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ್ದರಿಂದ ವಿಪತ್ತಿನ ವೇಳೆಗೂ ಇದು ತಕ್ಕದ್ದು. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ಕೇಂದ್ರ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದರು. ಟೆಲಿಫೋನ್ ಸತ್ತ ಊರಿನಲ್ಲಿ ಬ್ಯಾಟರಿ, ಸೆಟ್ ಮತ್ತು ಒಂದು ಆಂಟೆನಾ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ಬ್ರಿಟನ್ನಿನ ಲೂಯಿ ವಾರ್ನಿ 1946ರಲ್ಲಿ ರೂಪಿಸಿ ತನ್ನ ಕರೆಸಂಕೇತದ ಹೆಸರನ್ನೇ ಇಟ್ಟ ಜಿ5ಆರ್‌ವಿ 31 ಮೀಟರಿನದು. ಅವನು ಅದನ್ನು 14 ಮೆಗಾಹರ್ಟ್ಸ್‌ನಲ್ಲಿ ಒಂದೂವರೆ ತರಂಗಾಂತರವಾಗುವಂತೆ ಲೆಕ್ಕಹಾಕಿದ್ದ. ಎಲ್ಲ ಬ್ಯಾಂಡಿಗೂ ತಾನಾಗಿ ಹೊಂದುವ ಆಂಟೆನಾ ಎಂಬ ಖ್ಯಾತಿ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಇಂಪೀಡೆನ್ಸ್ ಹೊಂದಿಸುವ ಟ್ಯೂನರ್ ಇಲ್ಲದೆ ಅದನ್ನು ಹಾಗೆ ಬಳಸಲಾಗದು. ತಂತಿಯ ಮೂರನೆಯ ಒಂದು ಭಾಗದಲ್ಲಿ ಶಕ್ತಿ ತುಂಬುವ ಆಂಟೆನಾಗಳು, 1929ರಲ್ಲಿ ಲೊರೆನ್ ವಿಂಡಮ್ ಬರೆದು ಪ್ರಚಾರಕ್ಕೆ ತಂದ ಮಾದರಿಯ ವಂಶದವು. 306ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು ಮೀಟರ್ ತಂತಿಯನ್ನು ತ್ರಿಕೋನವಾಗಿ ಮುಚ್ಚಿದರೆ ಡೆಲ್ಟಾ ಲೂಪ್. ಕಾಲು ತರಂಗಾಂತರದ ತಂತಿಯನ್ನು ಲಂಬವಾಗಿ ನಿಲ್ಲಿಸಿ ಬುಡದಲ್ಲಿ ನೆಲದ ಮೇಲೆ ಹಲವು ತಂತಿಗಳನ್ನು ಹರಡಿದರೆ ತಗ್ಗು ಕೋನದಲ್ಲಿ ಸೂಸುವ ಆಂಟೆನಾ ಸಿಗುತ್ತದೆ. ನೆಲದ ತಂತಿಗಳಲ್ಲಿ ಜಿಪುಣತನ ಮಾಡಿದರೆ ಅರ್ಧಕ್ಕರ್ಧ ಶಕ್ತಿ ಮಣ್ಣನ್ನು ಬಿಸಿ ಮಾಡಲು ಹೋಗುತ್ತದೆ.

ಕೇಬಲ್, ಬಾಲನ್, ಎಸ್‌ಡಬ್ಲ್ಯುಆರ್

ಡೈಪೋಲಿನ ಎರಡು ತೋಳುಗಳು ಸಮತೋಲದಲ್ಲಿವೆ, ಕೋಆಕ್ಸಿಯಲ್ ಕೇಬಲ್ ಹಾಗಲ್ಲ. ನೇರವಾಗಿ ಬೆಸೆದರೆ ಕೇಬಲ್ಲಿನ ಹೊರಜಾಲರಿಯ ಹೊರಮೈಯಲ್ಲೂ ಪ್ರವಾಹ ಹರಿದು ಕೇಬಲ್ಲೇ ಆಂಟೆನಾದ ಭಾಗವಾಗುತ್ತದೆ. ಮೈಕ್ ಮುಟ್ಟಿದರೆ ಚುರುಕ್ಕೆನ್ನುವುದು, ಮನೆಯ ಎಲ್‌ಇಡಿ ದೀಪಗಳ ಮತ್ತು ಚಾರ್ಜರ್‌ಗಳ ಗದ್ದಲವೆಲ್ಲ ಗ್ರಾಹಕಕ್ಕೆ ನುಗ್ಗುವುದು ಇದರಿಂದ. ಸಂಧಿಸ್ಥಾನದಲ್ಲಿ ಎರಡನ್ನೂ ಸರಿಹೊಂದಿಸುವ 1ಕ್ಕೆ 1ರ ಬಾಲನ್, ಅಥವಾ ಫೆರೈಟ್ ಉಂಗುರಕ್ಕೆ ಕೇಬಲ್ಲಿನ ಹತ್ತು ಹನ್ನೆರಡು ಸುತ್ತು ಹಾಕುವುದು ಇದಕ್ಕೆ ಮದ್ದು. ನಗರಗಳಲ್ಲಿ ಈಗ ಸಂಕೇತದ ದೌರ್ಬಲ್ಯಕ್ಕಿಂತ ಗದ್ದಲವೇ ದೊಡ್ಡ ಶತ್ರುವಾಗಿರುವುದರಿಂದ ಇದನ್ನು ಬಿಡಬಾರದು.

ಎಸ್‌ಡಬ್ಲ್ಯುಆರ್ ಎಂಬುದು ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆಂಬುದರ ಅಳತೆ. ಅದು 1.5 ಇದ್ದರೆ ಆಂಟೆನಾದಿಂದ ಹಿಂದಿರುಗುವ ಶಕ್ತಿ ನೂರಕ್ಕೆ 4, 2 ಇದ್ದರೆ 11, 3 ಇದ್ದರೆ 25. ಎರಡರೊಳಗಿದ್ದರೆ ನಿಶ್ಚಿಂತೆಯಿಂದ ಮಾತನಾಡಬಹುದು. 1.1ಕ್ಕೆ ತರಲು ದಿನಗಟ್ಟಲೆ ಹೆಣಗುವ ಬದಲು ಆ ಶ್ರಮವನ್ನು ತಂತಿಯನ್ನು ಎರಡು ಮೀಟರ್ ಮೇಲೇರಿಸಲು ಬಳಸಿದರೆ ಫಲ ಹೆಚ್ಚು. ಕಡಿಮೆ ಅಂಕಿಯೊಂದೇ ಒಳ್ಳೆಯ ಆಂಟೆನಾದ ಗುರುತಲ್ಲ: ಅಲೆ ಸೂಸದ 50 ಓಮಿನ ರೆಸಿಸ್ಟರ್ ಕೂಡ ಮೀಟರಿನಲ್ಲಿ 1 ಎಂದೇ ತೋರಿಸುತ್ತದೆ.

ಕಟ್ಟುವಿಕೆ ಮತ್ತು ಸುರಕ್ಷತೆ

ಮೀನುಗಾರಿಕೆಯ ದಾರಕ್ಕೆ ಸೀಸದ ತೂಕ ಕಟ್ಟಿ ಕವಣೆಯಿಂದ ಕೊಂಬೆಯಾಚೆ ಹಾರಿಸಿ, ಅದರ ಬೆನ್ನಿಗೆ ಹಗ್ಗ ಎಳೆಯುವುದು ರೂಢಿ. ಗಾಳಿಗೆ ಮರ ತೂಗುವುದರಿಂದ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲಿನ ತೂಕ ಇಳಿಬಿಟ್ಟರೆ ತಂತಿ ತುಂಡಾಗುವುದಿಲ್ಲ. ವಿದ್ಯುತ್ ಲೈನಿನ ಮೇಲೆ, ಕೆಳಗೆ ಅಥವಾ ತುಂಡಾದರೆ ಅದರ ಮೇಲೆ ಬೀಳುವಷ್ಟು ಹತ್ತಿರದಲ್ಲಿ ಯಾವ ಕಾರಣಕ್ಕೂ ತಂತಿ ಎಳೆಯಬಾರದು. ಅಡಕೆ ತೋಟಗಳ ನಡುವೆ ಲೈನು ಹಾದುಹೋಗಿರುವ ಕಡೆ ಲೋಹದ ದೋಟಿ ಅಥವಾ ಏಣಿ ಎತ್ತುವಾಗಲೂ ಇದೇ ಎಚ್ಚರ ಬೇಕು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಕಾಲದಲ್ಲಿ ಮೋಡ ಕವಿಯುವ ಮುನ್ನವೇ ಕೇಬಲ್ಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗಿಡಬೇಕು. ಸಿಡಿಲು ನೇರವಾಗಿ ಬಡಿಯದಿದ್ದರೂ ಉದ್ದನೆಯ ತಂತಿಯಲ್ಲಿ ಶೇಖರವಾಗುವ ಸ್ಥಾಯಿ ವಿದ್ಯುತ್ತೇ ಗ್ರಾಹಕವನ್ನು ಕೆಡಿಸಬಲ್ಲದು.

ಭಾರತದಲ್ಲಿ ಪ್ರಸಾರ ಮಾಡಲು ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಪಡೆದಿರಬೇಕು. ಬರಿದೆ ಕೇಳುವ ಹಂತದಲ್ಲೇ ತಂತಿ ಕಟ್ಟಿ ಅಭ್ಯಾಸ ಮಾಡಿಕೊಂಡವರಿಗೆ ಮುಂದಿನ ಹಾದಿ ಸಲೀಸು.

ಕರಾವಳಿಯ ಉಪ್ಪುಗಾಳಿಗೆ ಬರಿಯ ತಾಮ್ರ ಬೇಗ ಹಸಿರುಗಟ್ಟುತ್ತದೆ, ಬೆಸುಗೆ ಸಡಿಲಗೊಳ್ಳುತ್ತದೆ. ಅಲ್ಲಿ ಹೊದಿಕೆಯಿರುವ ತಂತಿ ಬಾಳಿಕೆ ಬರುತ್ತದೆ. ಎಲ್ಲ ಕಡೆಯೂ ಮೊದಲು ಕೈಕೊಡುವುದು ಕೇಬಲ್ಲಿನ ಮೇಲ್ತುದಿ: ಸರಿಯಾಗಿ ಮುಚ್ಚದಿದ್ದರೆ ಮಳೆನೀರು ಜಾಲರಿಯ ಎಳೆಗಳ ನಡುವೆ ಇಳಿದು ಮೀಟರುಗಟ್ಟಲೆ ಕೆಳಗೆ ಸಾಗುತ್ತದೆ. ನೀರು ಕುಡಿದ ಕೇಬಲ್ ಶಕ್ತಿಯನ್ನು ತಾನೇ ನುಂಗುವುದರಿಂದ ಎಸ್‌ಡಬ್ಲ್ಯುಆರ್ ಮೊದಲಿಗಿಂತ ಉತ್ತಮವಾಗಿ ಕಾಣುತ್ತದೆ. ಆದ್ದರಿಂದ ಮಳೆಗಾಲದ ನಂತರ ಮೀಟರಿನ ಅಂಕಿ ಕಾರಣವಿಲ್ಲದೆ ಸುಧಾರಿಸಿದ್ದರೆ, ಮೊದಲು ಕೇಬಲ್ಲನ್ನು ಇಳಿಸಿ ಮೇಲ್ತುದಿಯ ಹೊದಿಕೆಯನ್ನು ಸೀಳಿ ಜಾಲರಿ ಕಪ್ಪಾಗಿದೆಯೇ ಎಂದು ನೋಡಬೇಕು.