ಪಾಠಶೋಧನೆ: ಪುಣೆಯ ಮಹಾಭಾರತ ಯಜ್ಞ

ಗ್ರಂಥಗಳಲ್ಲಿ ಕೆಲವರು ಹೊಸದನ್ನು ಸೇರಿಸುತ್ತಾರೆ, ಕೆಲವರು ಇದ್ದುದನ್ನು ಬಿಡುತ್ತಾರೆ, ಮತ್ತೆ ಕೆಲವರು ಸ್ಥಾನ ಪಲ್ಲಟಿಸುತ್ತಾರೆ ಎಂದು ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ 2ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ.

ಗೀತೆ, ನಳೋಪಾಖ್ಯಾನಗಳನ್ನು ಗರ್ಭದಲ್ಲಿ ಧರಿಸಿದ ಈ ಮಹಾಗ್ರಂಥದ ಪಾಠಶೋಧನೆಯನ್ನು ಪುಣೆಯ ಭಂಡಾರ್ಕರ್ ಸಂಸ್ಥೆಯು 1919ರಲ್ಲಿ ಆರಂಭಿಸಿತು. 1925ರಿಂದ ಡಾ. ವಿ. ಎಸ್. ಸುಕ್ಥಣಕರ್ ಅದರ ಸಾರಥಿಗಳಾದರು. 1,259 ಹಸ್ತಪ್ರತಿಗಳನ್ನು ಪರಿಶೀಲಿಸಿ, ಆಯ್ದವನ್ನು ಅಕ್ಷರಶಃ ಹೋಲಿಸಿದ ಕಾರ್ಯ 1966ರಲ್ಲಿ ಪೂರ್ಣಗೊಂಡಿತು.

ದ್ರೌಪದಿಯು ಕೃಷ್ಣನಿಗೆ ಮೊರೆಯಿಟ್ಟ ಪ್ರಸಂಗವು ಅಲ್ಲಿ ಮೂಲಪಾಠದಲ್ಲಿಲ್ಲ; ಟಿಪ್ಪಣಿಯಲ್ಲಿದೆ. ಭಕ್ತರ ಮನ ನೋಯುವುದು ಸಹಜ. ಆದರೆ ಸಂಪಾದಕರು ಅದನ್ನು ಅಳಿಸಲಿಲ್ಲ. ಯಾವ ಪ್ರತಿಯಲ್ಲಿದೆಯೆಂದು ನಮೂದಿಸಿದರು. ರೈಲ್ವೆಯಲ್ಲಿ ನಕ್ಷೆ ತಿದ್ದುವಾಗಲೂ ಹಳೆಯದನ್ನು ನಾವು ಹರಿಯುತ್ತಿರಲಿಲ್ಲ. ಅವರ ನಿರ್ಣಯವನ್ನು ಒಪ್ಪದವರೂ ಮರಳಿ ಪರೀಕ್ಷಿಸಬಹುದು. ಬಿಟ್ಟದ್ದನ್ನೂ ಕಾಪಾಡಿದ ಆ ಪ್ರಾಮಾಣಿಕತೆ ವಂದನೀಯ.