ಒಬ್ಬ ರಾಯಭಾರಿ, ಐದು ದೇಶ

ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಹೆಸರಿನಲ್ಲಿ ಮೊದಲು ಕೂತವರು ವೃತ್ತಿಯ ರಾಜತಂತ್ರಜ್ಞರಲ್ಲ, ವ್ಯಾಪಾರಿಗಳು. ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಜಾನ್ ಬ್ರೌನ್ ವಿಲಿಯಮ್ಸ್ ಅಂಥವನು. ಫಿಜಿಯಲ್ಲಿ ಅವನಿಗೆ ಸರ್ಕಾರಿ ಕೆಲಸವೂ ಇತ್ತು, ಜಮೀನು ಕೊಳ್ಳುವ ವ್ಯವಹಾರವೂ ಇತ್ತು. 1849ರಲ್ಲಿ, ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಸಂಭ್ರಮದಲ್ಲಿ, ನುಕುಲಾವು ದ್ವೀಪದ ಅವನ ಮನೆಗೆ ಬೆಂಕಿ ಬಿತ್ತು. ಸಾಮಾನು ಸ್ಥಳೀಯರ ಪಾಲಾಯಿತು. ಸುಮಾರು 5,000 ಡಾಲರಿನ ಪರಿಹಾರದ ಬೇಡಿಕೆ, ಇತರ ಅಮೆರಿಕನ್ನರ ದೂರುಗಳೂ ಸೇರಿ, 1855ರ ಹೊತ್ತಿಗೆ 40,000 ದಾಟಿತು. ವಸೂಲಿಗೆ ಯುದ್ಧನೌಕೆಯೇ ಬಂತು. ಹೊರೆ ಬಿದ್ದದ್ದು ಬಾವು ದ್ವೀಪದ ದೊರೆ ದಕಂಬಾವುವಿನ ಮೇಲೆ; ಈ ಸಾಲದ ಭಯಕ್ಕೇ ಅವನು ದೇಶವನ್ನು ಬ್ರಿಟಿಷರಿಗೆ ಒಪ್ಪಿಸಲು ಮುಂದಾದ. 1874ರಲ್ಲಿ ಫಿಜಿ ಅವರ ವಸಾಹತಾಯಿತು. ಒಬ್ಬ ದೂತನ ಖಾಸಗಿ ಲೆಕ್ಕಪತ್ರ ಒಂದು ನಾಡಿನ ಹಣೆಬರಹವನ್ನೇ ತಿರುಗಿಸಿದ ಇಂಥ ನಿದರ್ಶನಗಳು ಕಡಿಮೆ.

ಸಮೋವಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. 1873ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಪರಿಸ್ಥಿತಿ ನೋಡಿ ಬರಲು ಕಳಿಸಿದ ಆಲ್ಬರ್ಟ್ ಸ್ಟೈನ್‌ಬರ್ಗರ್ 1875ರಲ್ಲಿ ಅಲ್ಲಿಯ ಪ್ರಧಾನಮಂತ್ರಿಯೇ ಆಗಿಬಿಟ್ಟ! ಮರುವರ್ಷ ಅವನನ್ನು ಬ್ರಿಟಿಷ್ ನೌಕೆಯಲ್ಲಿ ಗಡೀಪಾರು ಮಾಡಿದರು. ಅದಕ್ಕೆ ಅಮೆರಿಕದ ಕಾನ್ಸಲ್‌ನ ಒಪ್ಪಿಗೆಯೂ ಇತ್ತು.

ಎರಡನೇ ಮಹಾಯುದ್ಧದ ನಂತರ ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಪಲಾವು ವಿಶ್ವಸಂಸ್ಥೆಯ ವಿಶ್ವಸ್ತ ಪ್ರದೇಶವಾಗಿ ಅಮೆರಿಕದ ಆಡಳಿತಕ್ಕೆ ಬಂದವು. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಅಣುಪರೀಕ್ಷೆಗಳು ನಡೆದವು. 1986ರಲ್ಲಿ ಮುಕ್ತ ಸಹಯೋಗದ ಒಪ್ಪಂದ ಜಾರಿಯಾದ ಮೇಲೂ, ಅಲ್ಲಿಯ ರಾಜಧಾನಿ ಮಜುರೊಗೆ ಹೋದ ಯಾವ ರಾಯಭಾರಿಗೂ ಪರಿಹಾರದ ಪ್ರಶ್ನೆ ತಪ್ಪಲಿಲ್ಲ.

ರಕ್ಷಣಾ ಒಪ್ಪಂದಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ; ಈ ದ್ವೀಪಗಳ ರಾಜತಂತ್ರಕ್ಕೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಮೀನು ಎನ್ನುವುದು ನನ್ನ ಎಣಿಕೆ. ಟ್ಯೂನಾ ವಲಸೆ ಹೋಗುವ ಮೀನು, ಅದರ ಮೇಲೆ ಯಾವ ದೇಶಕ್ಕೂ ಹಕ್ಕಿಲ್ಲ ಎಂಬುದು ವಾಷಿಂಗ್ಟನ್‌ನ ವಾದ. ದ್ವೀಪಗಳಿಗೋ ಸಮುದ್ರವೇ ಆಸ್ತಿ: ಜನ ಲಕ್ಷ ಚಿಲ್ಲರೆ ಇರುವ ಕಿರಿಬಾಟಿಯ ಕಡಲ ಪಾಲು ಭಾರತದ ಭೂಪ್ರದೇಶಕ್ಕಿಂತ ದೊಡ್ಡದು. 1984ರಲ್ಲಿ ಸಾಲೊಮನ್ ದ್ವೀಪಗಳು ‘ಜೆನೆಟ್ ಡಯಾನಾ’ ಎಂಬ ಅಮೆರಿಕನ್ ದೋಣಿಯನ್ನು ಹಿಡಿದವು. ಮರುವರ್ಷ ಕಿರಿಬಾಟಿ ತನ್ನ ಕಡಲಲ್ಲಿ ಮೀನು ಹಿಡಿಯಲು ಸೋವಿಯತ್ ಒಕ್ಕೂಟಕ್ಕೆ ಪರವಾನಗಿ ಕೊಟ್ಟಿತು. ವಾಷಿಂಗ್ಟನ್ ಆಗ ಪಟ್ಟು ಸಡಿಲಿಸಿತು. 1987ರಲ್ಲಿ ಟ್ಯೂನಾ ಒಪ್ಪಂದಕ್ಕೆ ಸಹಿ ಬಿತ್ತು.

ಶೀತಲ ಸಮರ ಮುಗಿದದ್ದೇ ತಡ, 1993ರಲ್ಲಿ ಸಾಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದ ಅಮೆರಿಕನ್ ರಾಯಭಾರ ಕಚೇರಿಗೆ ಬೀಗ ಬಿತ್ತು. ಮುಂದಿನ ವರ್ಷಗಳಲ್ಲಿ ಫಿಜಿಯ ರಾಜಧಾನಿ ಸುವಾದಲ್ಲಿ ಕೂತ ಒಬ್ಬರೇ ಫಿಜಿ, ಟೋಂಗಾ, ಕಿರಿಬಾಟಿ, ನೌರು, ಟುವಾಲು ಐದಕ್ಕೂ ರಾಯಭಾರಿ. ಮೈಕ್ರೊನೇಷ್ಯಾದಲ್ಲಿ ಪಳಗಿ ಬಂದ ಲ್ಯಾರಿ ಡಿಂಗರ್ ಈ ಹುದ್ದೆಯಲ್ಲಿದ್ದಾಗಲೇ, 2006ರ ಡಿಸೆಂಬರಿನಲ್ಲಿ, ಸೇನಾ ಮುಖ್ಯಸ್ಥ ಬೈನಿಮರಾಮ ಫಿಜಿಯಲ್ಲಿ ಸೇನಾ ಕ್ರಾಂತಿ ನಡೆಸಿದ. ಅಮೆರಿಕ ನೆರವು ತಡೆಹಿಡಿಯಿತು. ಆದರೆ ಅದೇ ಸರ್ಕಾರದ ಜೊತೆ ದಿನನಿತ್ಯದ ವ್ಯವಹಾರ ನಡೆಸಲೇಬೇಕಿತ್ತು. ಆಮೇಲೆ ಬಂದ ಫ್ರಾಂಕಿ ರೀಡ್ ಕೂಡ ಹಿಂದೆ ಸಮೋವಾದಲ್ಲಿ ಕೆಲಸ ಮಾಡಿದ್ದವರೇ. ದ್ವೀಪದಿಂದ ದ್ವೀಪಕ್ಕೆ ವರ್ಗವಾಗುತ್ತ ಪರಿಣತರಾದ ಇಂಥವರು ಕೆಲವರಾದರೂ ಇದ್ದರು.

2022ರಲ್ಲಿ ಸಾಲೊಮನ್ ದ್ವೀಪಗಳು ಚೀನಾದೊಂದಿಗೆ ಭದ್ರತಾ ಒಪ್ಪಂದ ಮಾಡಿಕೊಂಡವು. ಹೊನಿಯಾರಾದ ಅಮೆರಿಕನ್ ಕಚೇರಿ 2023ರಲ್ಲಿ ಮತ್ತೆ ತೆರೆಯಿತು. ಅದೇ ವರ್ಷ ಟೋಂಗಾದಲ್ಲಿ, 2024ರಲ್ಲಿ ವನುವಾಟುವಿನಲ್ಲಿ ಹೊಸ ಕಚೇರಿಗಳು ಬಂದವು. ವನುವಾಟುವಿನದು ಡಿಸೆಂಬರಿನ ಭೂಕಂಪಕ್ಕೆ ಸಿಕ್ಕಿ ಮುಚ್ಚಬೇಕಾಯಿತು. ಕಿರಿಬಾಟಿಗೆ 2022ರಲ್ಲೇ ಘೋಷಿಸಿದ್ದ ಕಚೇರಿ 2024 ಮುಗಿದರೂ ಬರಲಿಲ್ಲ.